ಗುಳಿಗಿ ಉಪವಾಸ

ಎದೆಯೊಳಗಿನ ರಕ್ತನಾಳ ಇನ್ನೈದು ವರ್ಷಕ್ಕೆ ಹೇಗೆ ಕಟ್ಟಿಕೊಳ್ಳುತ್ತದೆ ಅನ್ನುವುದನ್ನು ಇವತ್ತೇ ಸಿನಿಮಾ ಮಾಡಿ ತೋರಿಸಿಬಿಟ್ಟರೆ ಜನ ಏನು ಮಾಡಿಯಾರು? ಹುಬ್ಬಳ್ಳಿಯವರು ಮೊದಲು ಹೆದರಿದರು, ಆಮೇಲೆ ಚೇಷ್ಟೆ ಮಾಡಿದರು, ಕೊನೆಗೆ ಒಗ್ಗಿಕೊಂಡರು. ಕನ್ಯೆ ನೋಡಲು ಬಂದವರು ಜಾತಕದ ಜೊತೆಗೆ ಬೀಗರ ಎದೆಯ ಚಿತ್ರವನ್ನೂ ಕೇಳತೊಡಗಿದರು. ಮದುವೆಯ ಪಂಕ್ತಿಯಲ್ಲಿ ತುಪ್ಪ ಬಡಿಸುವವನು ಮಿಳ್ಳೆ ಎತ್ತಿ ಹಿಡಿದುಕೊಂಡೇ "ಕಾಕಾರು ಕೆಂಪೋ, ಹಸಿರೋ?" ಎಂದು ವಿಚಾರಿಸುತ್ತಿದ್ದ. ಕೆಂಪು ಅಂದವರ ಹೋಳಿಗೆ ಒಣಒಣ. ಹಸಿರು ಅಂದವರ ಎಲೆಯಲ್ಲಿ ತುಪ್ಪದ ಹೊಂಡ.

ಈ ಸಿನಿಮಾ ಮಾಡಿ ಕೊಡುವ ಜಾಗಕ್ಕೆ ಮುಂಗಾಣ್ಕೆ ಕೇಂದ್ರ ಅಂತ ಹೆಸರು. ಕೆಲಸ ಸರಳ. ದೊಡ್ಡ ಬಳೆಯಂಥ ಸ್ಕ್ಯಾನ್ ಯಂತ್ರದೊಳಗೆ ಮಲಗಬೇಕು, ಹೇಳಿದಾಗ ಉಸಿರು ಹಿಡಿಯಬೇಕು, ಹೃದಯದ ಚಿತ್ರ ತೆಗೆಯುತ್ತಾರೆ. ವರ್ಷ ಬಿಟ್ಟು ಇನ್ನೊಂದು. ಎರಡನ್ನೂ ಗಣಕಯಂತ್ರ ತೂಗಿ ನೋಡಿ, ಎಷ್ಟು ವೇಗವಾಗಿ ಕಟ್ಟಿಕೊಳ್ಳುತ್ತಿದೆ ಎಂದು ಲೆಕ್ಕ ಹಾಕಿ, ಮುಂದಿನದನ್ನು ಚಲನಚಿತ್ರ ಮಾಡಿ ಕೊಡುತ್ತದೆ. ಬೆಳವಣಿಗೆ ನಿಧಾನವಿದ್ದರೆ ಹಸಿರು, ಜೋರಿದ್ದರೆ ಕೆಂಪು.

ಊರವರಿಗೆ ಇದು ಮಾತಿನ ಸರಕು. ಬಸ್ ಡ್ರೈವರುಗಳಿಗೆ ಮಾತ್ರ ಅನ್ನದ ಪ್ರಶ್ನೆ. ಹುಬ್ಬಳ್ಳಿಯಿಂದ ಕರಾವಳಿಗೆ ಬಸ್ ಓಡಿಸುವ ಘಟ್ಟವಾಹಿನಿ ಸಾರಿಗೆ ಮಂಡಳಿ ಒಂದು ನಿಯಮ ಮಾಡಿಬಿಟ್ಟಿತು. ಕೆಂಪು ಬಂದವನು ಸ್ಟೇರಿಂಗ್ ಮುಟ್ಟುವ ಹಾಗಿಲ್ಲ. ಹಸಿರು ಬಂದವನ ಅಂಗಿಗೆ ಹಸಿರು ಬಿಲ್ಲೆ, ಕೆಂಪು ಬಂದವನಿಗೆ ಕೆಂಪು ಬಿಲ್ಲೆ, ದಿನಾ ನುಂಗಲು ಕೊಬ್ಬು ಇಳಿಸುವ ಗುಳಿಗೆ, ಕೈಗೆ ಬಸ್ ತೊಳೆಯುವ ಪೈಪು.

ಗದಿಗೆಪ್ಪ ತಡಕೋಡ ವರ್ಷದ ಹಿಂದೆ ಕೆಂಪಾಗಿದ್ದ. ಅರಬೈಲ ಘಟ್ಟದ ತಿರುವುಗಳನ್ನು ನಿದ್ದೆಯಲ್ಲೂ ಹೇಳಬಲ್ಲ ಮನುಷ್ಯ, ಡಿಪೋದ ಮೂಲೆಯಲ್ಲಿ ಕೂತು ಟಾಯರಿಗೆ ಗಾಳಿ ತುಂಬಿದ. ಈಗ ಹಸಿರಾಗಿದ್ದಾನೆ. ಬರುವ ಸೋಮವಾರದಿಂದ ಮತ್ತೆ ಕಾರವಾರದ ಬಸ್ಸು. ಮನೆಯಲ್ಲಿ ಹೂರಣ ರುಬ್ಬುತ್ತಿದ್ದರು, ಪಡಸಾಲೆ ತುಂಬ ನಗು.

"ಬಾ ತಂಗೀ ಬಾ, ನಿನ್ನ ಮಿಷಿನ್ನಿಗೆ ಕಡೀಕೂ ಬುದ್ಧಿ ಬಂತು ನೋಡು!" ಎಂದು ಅವನು ಬಾಗಿಲಲ್ಲೇ ಕೂಗಿದ.

ತಂಗಿ ಅಂದರೆ ದಾಕ್ಷಾಯಿಣಿ. ಮುಂಗಾಣ್ಕೆ ಕೇಂದ್ರದಲ್ಲಿ ಸ್ಕ್ಯಾನ್ ನೋಡುವ ಡಾಕ್ಟರು. ಯಂತ್ರ ಹೇಳಿದ್ದಕ್ಕೆ ಕೆಳಗೆ ಸಹಿ ಹಾಕುವುದು ಅವಳ ಕೆಲಸ. ಸಿಟ್ಟು ಮೂಗಿನ ತುದಿಯಲ್ಲೇ ಇಟ್ಟುಕೊಂಡ ಹೆಂಗಸು, ಆದರೆ ಆ ದಿನ ಅವಳಿಗೂ ಖುಷಿ.

"ನಾ ಹೇಳಿರಲಿಲ್ಲೇನಣ್ಣಾ, ಗುಳಿಗಿ ತಪ್ಪಸಬ್ಯಾಡ, ಎಲ್ಲಾ ಸರಿ ಆಕ್ಕೈತಿ ಅಂತ?"

"ಹೂಂ ಹೂಂ, ನೀ ಹೇಳಿದಂಗ ಆತು ಬಿಡು," ಎಂದ ಗದಿಗೆಪ್ಪ, ಮುಖ ಆ ಕಡೆ ತಿರುಗಿಸಿ. ಹೋಳಿಗೆ ಬಂತು, ಮಾತು ಬೇರೆ ಕಡೆ ಹೋಯಿತು.

ಮರುದಿನ ಕೇಂದ್ರದ ಚಿತ್ರ ನೋಡುವ ಕೋಣೆಯಲ್ಲಿ ಕೂತಾಗ ದಾಕ್ಷಾಯಿಣಿಗೆ ಎಲ್ಲೋ ಒಂದು ಮುಳ್ಳು ಚುಚ್ಚತೊಡಗಿತು. ಗೋಡೆ ತುಂಬ ಪರದೆಗಳು, ಒಂದೊಂದರಲ್ಲೂ ಯಾರದೋ ಹೃದಯ ಬಡಿಯುತ್ತಿರುತ್ತದೆ. ಕೆಂಪು ಬಂದವರಲ್ಲಿ ಅವಳಿಗೆ ಗುರುತಿದ್ದವರೆಲ್ಲ ಒಳ್ಳೆಯ ನಡತೆಯವರು. ಡ್ರೈವರಾಗಿದ್ದು ಈಗ ಬಸ್ ತೊಳೆಯುವ ಕಲ್ಲಪ್ಪ ಹೂಗಾರನನ್ನೇ ನೋಡಿ, ಬೀಡಿ ಬಿಟ್ಟವನು, ಗುಳಿಗೆಯನ್ನು ಪೂಜೆಯ ಹಾಗೆ ನುಂಗುವವನು. ಅವನು ಕೆಂಪು. ದಿನಕ್ಕೆರಡು ಕಟ್ಟು ಬೀಡಿ ಸೇದುವ ಡ್ರೈವರ್ ಮಾಬೂಸಾಬ ನದಾಫ ಹಸಿರು. 'ಮೈಯ ಗುಣ ಒಬ್ಬೊಬ್ಬರದು ಒಂದೊಂದು ಥರ' ಎಂದುಕೊಂಡು ಸಹಿ ಹಾಕಿದಳು.

ಅಷ್ಟರಲ್ಲೇ ಫೋನು ಬಂತು. ಮಾಬೂಸಾಬ ಡಿಪೋದ ನಳದ ಹತ್ತಿರ ಮುಖ ತೊಳೆಯಲು ಬಗ್ಗಿದವನು ಮೇಲೇಳಲಿಲ್ಲವಂತೆ. ಎದೆಯ ಮೇಲೆ ಹಸಿರು ಬಿಲ್ಲೆ ಇತ್ತಂತೆ.

ಮೂರನೆಯ ದಿನದ ಜಿಯಾರತ್ತಿಗೆ ಅಣ್ಣ, ಅತ್ತಿಗೆ ಪಾರವ್ವ, ದಾಕ್ಷಾಯಿಣಿ ಮೂವರೂ ಹೋದರು. ಒಳಗೆ ಹೆಂಗಸರ ಅಳು, ಹೊರಗೆ ಶಾಮಿಯಾನದ ಕೆಳಗೆ ಡ್ರೈವರುಗಳು. ಓಣಿಯವರು ಕೆಟಲಿನಲ್ಲಿ ಚಹಾ ತಂದು ಬಗ್ಗಿಸುತ್ತಿದ್ದರು.

"ಪಾಪ, ಹಸಿರಾಗಾಕ ಎಷ್ಟ್ ಕಷ್ಟಪಟ್ಟಿದ್ದ," ಎಂದ ಒಬ್ಬ ಮುದಿ ಡ್ರೈವರು.

"ಕಷ್ಟ ಅಂದ್ರ?" ದಾಕ್ಷಾಯಿಣಿ ಕೇಳಿದಳು. "ನಡದಾಡಿದ್ನಾ? ಎಣ್ಣಿ ಬಿಟ್ಟಿದ್ನಾ?"

"ಅದೆಲ್ಲಾ ಎಲ್ಲೀದರಿ ಅಕ್ಕಾರ. ಗುಳಿಗಿ ಉಪವಾಸ ಮಾಡಿದ್ದ. ಪೂರಾ ವರ್ಷ. ಒಂದ್ ದಿನಾ ತಪ್ಪಿಲ್ಲ."

ಪಕ್ಕದವನು ಅವನ ತೊಡೆ ಚಿವುಟಿದ. ಮುದುಕನಿಗೆ ತಡವಾಗಿ ಹೊಳೆಯಿತು, ಚಹಾದ ಲೋಟದೊಳಗೆ ಮುಖ ಹುದುಗಿಸಿದ.

"ಗುಳಿಗಿ ಉಪವಾಸ ಅಂದ್ರ ಏನು?" ದಾಕ್ಷಾಯಿಣಿಯ ದನಿ ಎದ್ದಿತು. "ಹೇಳ್ರಿ. ಯಾರರ ಹೇಳ್ರಿ."

ಕಡೆಗೆ ಕಲ್ಲಪ್ಪನೇ ಹೇಳಿದ. ಕೆಂಪು ಬಿಲ್ಲೆಯವನು, ಕಳಕೊಳ್ಳಲು ಅವನಿಗೇನಿತ್ತು?

"ಅಕ್ಕಾರ, ನಮ್ಮ ಡಿಪೋದಾಗ ಎಲ್ಲಾರಿಗೂ ಗೊತ್ತೈತ್ರಿ. ಕೊಬ್ಬು ಇಳಸೋ ಗುಳಿಗಿ ತಪ್ಪದಂಗ ತಿಂದಾವ ಮುಂದಿನ ಸ್ಕ್ಯಾನಿಗೆ ಕೆಂಪಾಕ್ಕಾನ. ಬಿಟ್ಟಾವ ಹಸಿರಾಕ್ಕಾನ. ಮೊದಲ ಯಾರೋ ಮರತ ಬಿಟ್ಟಿದ್ದರು, ಅವ್ರು ಹಸಿರಾದ್ರು. ಆಮ್ಯಾಲ ಇನ್ನೊಬ್ಬ ಬಿಟ್ಟು ನೋಡಿದ, ಅವನೂ ಹಸಿರು. ಆಮ್ಯಾಲ ಅದೊಂದು ವ್ರತಾನ ಆತು. ನವರಾತ್ರಿಗೆ ಉಪವಾಸ ಹಿಡಿಯೂದು, ಮುಂದಿನ ನವರಾತ್ರಿ ಸ್ಕ್ಯಾನ್ ಆದಮ್ಯಾಲ ಮುರಿಯೂದು. ನನಗ ಧೈರ್ಯ ಸಾಲಲಿಲ್ಲ. ನಮ್ಮಪ್ಪ ಎದಿನೋವಿನಿಂದನ ಹೋದಾವ."

ದಾಕ್ಷಾಯಿಣಿ ಅಣ್ಣನ ಕಡೆ ತಿರುಗಿದಳು. ಗದಿಗೆಪ್ಪ ಶಾಮಿಯಾನದ ಕಂಬದ ಗಂಟು ನೋಡುತ್ತಿದ್ದ.

ಸತ್ತವರ ಮನೆ ಮುಂದೆ ಜಗಳ ಆಡಬಾರದು ಅಂತ ಅವಳು ಹಲ್ಲು ಕಚ್ಚಿದಳು. ಮನೆ ಮುಟ್ಟಿ ಚಪ್ಪಲಿ ಕಳೆಯುವ ತನಕ ಮಾತ್ರ.

"ನೀನೂ ಬಿಟ್ಟೀಯೇನ?"

"ದಾಕ್ಷೀ, ಕೇಳಿಲ್ಲೆ..."

"ಬಿಟ್ಟೀಯೋ ಇಲ್ಲೋ?"

ಪಾರವ್ವ ನಡುವೆ ಬಂದಳು. "ಏ, ಅವರ್ಯಾಕ ಬಿಡ್ತಾರ? ದಿನಾ ನನ್ನ ಕೈಯಾರೆ ಕೊಡ್ತೀನಿ. ನನ್ನ ಮುಂದನ ನುಂಗತಾರ."

ಗದಿಗೆಪ್ಪ ಗಂಟಲು ಸರಿ ಮಾಡಿಕೊಂಡ. "ನಾಲಿಗಿ ಬುಡಕ ಇಟಗೊತಿದ್ದೆ. ಆಮ್ಯಾಲ ಹಿತ್ತಲದಾಗ ತುಳಸಿ ಗಿಡಕ್ಕ..."

ಪಾರವ್ವ ಗಂಡನನ್ನೇ ನೋಡಿದಳು. "ಛಲೋ ಮಾಡಿದಿ. ಇನ್ನ ಆ ತುಳಸಿಗಂತೂ ಹಾರ್ಟ್ ಅಟ್ಯಾಕ್ ಆಗೂದಿಲ್ಲ," ಎಂದವಳೇ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿಬಿಟ್ಟಳು. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ.

"ನಿನಗೇನ ಗೊತ್ತ ದಾಕ್ಷಿ?" ಗದಿಗೆಪ್ಪನಿಗೂ ಸಿಟ್ಟು ಬಂತು. "ಕೆಂಪು ಬಿಲ್ಲಿ ಹಚ್ಚಕೊಂಡು ಬಸ್ ಸ್ಟ್ಯಾಂಡಿನ್ಯಾಗ ಒಂದ್ ಸಲಾ ನಿಂದರು. ಜನಾ ಸಾಯೋ ಮನಶ್ಯಾನ್ನ ನೋಡಿದಂಗ ನೋಡ್ತಾರ. ನನ್ನ ಕೈಕೆಳಗ ಕಲ್ತ ಹುಡುಗರು 'ಕಾಕಾ, ಗಾಳಿ ನೋಡು' ಅಂತಾರ. ಗುಳಿಗಿ ತಿಂದ್ರ ಕೆಂಪು, ಬಿಟ್ರ ಹಸಿರು. ಹಂಗಂತ ಹೇಳಿದ್ದು ಯಾರು? ನಾನಲ್ಲ. ನಿನ್ನ ಮಿಷಿನ್ನು! ಅದರ ಬುಡಕ ಸೈನ್ ಹೊಡದಾಕಿ ನೀನು!"

ಸಿಟ್ಟು ಹೊತ್ತುಕೊಂಡೇ ಅವಳು ಕೇಂದ್ರಕ್ಕೆ ಹೋದಳು, ಡ್ರೈವರುಗಳ ಹಳೆಯ ಚಿತ್ರಗಳನ್ನು ಒಂದೊಂದಾಗಿ ತೆಗೆದು ನೋಡಿದಳು.

ಡ್ರೈವರುಗಳ ಲೆಕ್ಕ ಅರ್ಧ ಸರಿ ಇತ್ತು, ಅದೇ ಅವರನ್ನು ಕೊಲ್ಲುತ್ತಿತ್ತು. ರಕ್ತನಾಳದ ಗೋಡೆಯಲ್ಲಿ ಮೊದಲು ಕೂರುವುದು ಮೆತ್ತನೆಯ ಜಿಡ್ಡು. ಅದು ಒಡೆದರೆ ಅಲ್ಲೇ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುತ್ತದೆ, ಮನುಷ್ಯ ನಳದ ಹತ್ತಿರ ಬಗ್ಗಿದವನು ಏಳುವುದಿಲ್ಲ. ಕೊಬ್ಬಿನ ಗುಳಿಗೆ ಈ ಜಿಡ್ಡನ್ನು ಕುಗ್ಗಿಸಿ, ಸುಣ್ಣಗಟ್ಟಿಸಿ, ಗಟ್ಟಿ ಮಾಡುತ್ತದೆ. ಗಾಯ ಮಾಯುವಾಗ ಮೇಲೆ ಹಕ್ಕಳೆ ಕಟ್ಟುತ್ತದಲ್ಲ, ಹಾಗೆ. ಆದರೆ ಕೇಂದ್ರದ ಸಾದಾ ಸ್ಕ್ಯಾನಿಗೆ ಜಿಡ್ಡು ಕಾಣುವುದೇ ಇಲ್ಲ, ಸುಣ್ಣ ಮಾತ್ರ ಬೆಳ್ಳಗೆ ಕಾಣುತ್ತದೆ. ಜಿಡ್ಡು ಕಾಣಬೇಕಾದರೆ ರಕ್ತಕ್ಕೆ ಡೈ ಎಂಬ ಔಷಧ ಚುಚ್ಚಿ ಚಿತ್ರ ತೆಗೆಯಬೇಕು. ಯಂತ್ರ ಹಕ್ಕಳೆಗಳನ್ನು ಎಣಿಸುತ್ತಿತ್ತು. ಹಕ್ಕಳೆ ಹೆಚ್ಚಾದವನಿಗೆ ಕೆಂಪು, ಹಸಿಗಾಯದವನಿಗೆ ಹಸಿರು.

ನಿರ್ದೇಶಕ ಡಾಕ್ಟರ್ ವಿದ್ಯಾಧರ ಕಟಗೇರಿ ಇದನ್ನು ಕೇಳಿ ಬೆಚ್ಚಿಬೀಳುತ್ತಾರೆ ಅಂದುಕೊಂಡಿದ್ದಳು. ಅವರು ಕನ್ನಡಕ ಒರೆಸಿಕೊಂಡರು.

"ಇದೇನು ಹೊಸದಲ್ಲ ಬಿಡಿ, ಡಾಕ್ಟರೇ. ನಮ್ಮ ಮೂಲ ಸಂಶೋಧನೆ ಡೈ ಹಾಕಿಯೇ ನಡೆದಿತ್ತು. ಡೈ ಅಂದರೆ ಸೂಜಿ, ಕಿಡ್ನಿ ಪರೀಕ್ಷೆ, ಹೊತ್ತು. ಸಾವಿರಗಟ್ಟಲೆ ಜನಕ್ಕೆ ಮಾಡೋಕಾಗುತ್ತಾ? ಅದಕ್ಕೇ ಬಿಟ್ಟೆವು."

"ಗೊತ್ತಿದ್ದೂ ಬಿಟ್ರಾ?"

"ಯಂತ್ರ ಹೇಳಿದ್ದು ಸುಳ್ಳಾಗಿಲ್ಲವಲ್ಲ? ಎಷ್ಟು ಬೆಳೆಯುತ್ತೆ ಅಂದಿತ್ತೋ ಅಷ್ಟೇ ಬೆಳೆದಿದೆ. ನೂರಕ್ಕೆ ತೊಂಬತ್ತೈದು ಸರಿ."

"ಯಾವುದು ಬೆಳೀತದ ಸರ್? ಸುಣ್ಣ!" ಅವಳು ಮೇಜಿನ ಮೇಲೆ ಕೈ ಬಡಿದಳು. ಕನ್ನಡಕದ ಡಬ್ಬಿ ಕೆಳಗೆ ಬಿತ್ತು. "ಸುಣ್ಣ ಬೆಳೀತದೋ ಇಲ್ಲೋ ಅಂತ ಕೇಳಿದ್ರಿ, ಅದು ಹೇಳ್ತು. ಮನುಷ್ಯಾ ಬೀಳ್ತಾನೋ ಇಲ್ಲೋ ಅಂತ ಒಬ್ರರ ಕೇಳಿದ್ರೇನು? ಆ ಪ್ರಶ್ನೇನ ಕೇಳದ ಮಂದಿ ಎದೀಮ್ಯಾಲ ಬಿಲ್ಲಿ ಹಚ್ಚಿದ್ರಲ್ಲ!"

"ಗುಳಿಗೆ ಬಿಡಿ ಅಂತ ನಾವು ಹೇಳಿದ್ವಾ? ಅವರಾಗಿ ಬಿಟ್ಟು ಸತ್ತರೆ ಯಂತ್ರದ ತಪ್ಪೇ?" ಕಟಗೇರಿಯವರು ಬಗ್ಗಿ ಡಬ್ಬಿ ಎತ್ತಿಕೊಂಡರು. ದನಿ ತಗ್ಗಿಸಿದರು. "ನೋಡಿ, ಮುಂದಿನ ತಿಂಗಳು ಈ ಯೋಜನೆ ಇಡೀ ರಾಜ್ಯಕ್ಕೆ ಹೋಗುತ್ತೆ. ಈಗ ನೀವು ಬಾಯಿ ಬಿಟ್ಟರೆ ಏನಾಗುತ್ತೆ ಹೇಳಲಾ? ಗುಳಿಗೆ ಬಿಟ್ಟು ಮೋಸ ಮಾಡಿದರು ಅಂತ ಮಂಡಳಿ ಅವರನ್ನೆಲ್ಲ ಕೆಲಸದಿಂದಲೇ ತೆಗೆಯುತ್ತೆ. ಮೊದಲ ಹೆಸರು ನಿಮ್ಮ ಅಣ್ಣನದು. ಹಸಿರಾಗಿದ್ದಾರೆ, ಸೋಮವಾರ ಬಸ್ ಹತ್ತುತ್ತಾರೆ. ಸಂತೋಷಪಡಿ."

ಸಂತೋಷಪಡಿ! ಮೆಟ್ಟಿಲು ಇಳಿಯುವಾಗ ಆ ಮಾತು ಅವಳ ಕಿವಿಯಲ್ಲಿ ಕುದಿಯುತ್ತಿತ್ತು. ಅಣ್ಣನ ಎದೆಯೊಳಗೆ ಏನಿದೆಯೋ ಗೊತ್ತಿಲ್ಲ. ಹಿಂದೆ ಬಸ್ ತುಂಬ ಜನ, ಮುಂದೆ ಅರಬೈಲ ಘಟ್ಟ. ಸಂತೋಷಪಡಬೇಕಂತೆ.

ಶನಿವಾರ ಮಧ್ಯಾಹ್ನ ಕೇಂದ್ರಕ್ಕೆ ಅರ್ಧ ರಜೆ. ಅವಳು ಇಬ್ಬರನ್ನು ಕರೆತಂದಳು. ಒಬ್ಬ ಅಣ್ಣ, ಇನ್ನೊಬ್ಬ ಕಲ್ಲಪ್ಪ. ಇಬ್ಬರ ಕಿಡ್ನಿ ಪರೀಕ್ಷೆ ಹಿಂದಿನ ದಿನವೇ ಆಗಿತ್ತು. ಅಣ್ಣ ಬಂದದ್ದು ಸುಮ್ಮನೆ ಅಲ್ಲ. ಬರದಿದ್ದರೆ ಗಂಡನಿಗೆ ರೊಟ್ಟಿ ಬಡಿಯುವುದಿಲ್ಲ ಎಂದು ಪಾರವ್ವ ಹಂಚು ತೆಗೆದು ಅಟ್ಟದ ಮೇಲೆ ಇಟ್ಟಿದ್ದಳು.

"ಅಕ್ಕಾರ, ನನ್ನೆದಿ ಏನು ಹೊಸಾ ಸಿನಿಮಾನ್ರಿ, ಸಾರಿ ಸಾರಿ ನೋಡಾಕ?" ಎಂದ ಕಲ್ಲಪ್ಪ ಮಲಗುತ್ತಾ.

"ಈ ಸಾರಿ ಬಣ್ಣದ್ದು ತೋರಸ್ತೀನಿ, ಮಲಕ್ಕೋ."

ಡೈ ಏರಿದಾಗ ಮೈಯೆಲ್ಲ ಬಿಸಿಯೇರುತ್ತದೆ. ಯಂತ್ರದೊಳಗಿಂದ ಗದಿಗೆಪ್ಪನ ದನಿ ಬಂತು. "ಯವ್ವಾ ದಾಕ್ಷೀ, ಚಡ್ಡಿ ಹಸಿ ಆತೇನ ನೋಡ!"

"ಏನೂ ಆಗಿಲ್ಲ, ಎಲ್ಲಾರಿಗೂ ಹಂಗ ಅನಸ್ತೈತಿ. ಬಾಯಿ ಮುಚ್ಚಿ ಉಸಿರು ಹಿಡಿ!"

ಎರಡು ಹೃದಯಗಳನ್ನೂ ಪಕ್ಕಪಕ್ಕ ಹಾಕಿದಳು. ಕಲ್ಲಪ್ಪನ ನಾಳಗಳ ದಂಡೆಯುದ್ದಕ್ಕೂ ಬಿಳಿ ಕಲ್ಲುಗಳ ಹಾಗೆ ಸುಣ್ಣ, ಆದರೆ ನಡುವೆ ರಕ್ತ ಸಲೀಸಾಗಿ ಹರಿಯುತ್ತಿತ್ತು. ಜಿಡ್ಡು ಹುಡುಕಿದರೂ ಕಾಣಲಿಲ್ಲ. ಅಣ್ಣನ ನಾಳಗಳಲ್ಲಿ ಬಿಳಿ ಕಡಿಮೆ. ಆದರೆ ಹೃದಯದ ಮುಂಭಾಗದ ದೊಡ್ಡ ನಾಳದಲ್ಲಿ ಒಂದು ಕಡೆ ಬೂದು ಬಣ್ಣದ ಮೆತ್ತನೆಯ ಮುದ್ದೆ ಗೋಡೆಯಿಂದ ಒಳಕ್ಕೆ ಉಬ್ಬಿ ಕೂತಿತ್ತು. ಎರಡೂ ಚಿತ್ರಗಳಿಂದ ಡೈ ಅಳಿಸಿ, ಬರೀ ಸುಣ್ಣ ಉಳಿಸಿ, ಹೋದ ವರ್ಷದ ಚಿತ್ರಗಳ ಜೊತೆ ಯಂತ್ರಕ್ಕೆ ಕೊಟ್ಟು ನೋಡಿದಳು. ಕಣ್ಣು ಮಿಟುಕಿಸುವುದರೊಳಗೆ ಬಂತು. ಕಲ್ಲಪ್ಪ ಕೆಂಪು, ಅಣ್ಣ ಹಸಿರು.

"ಇದು ಏನು?" ಗದಿಗೆಪ್ಪ ಬೂದು ಮುದ್ದೆಯ ಮೇಲೆ ಬೆರಳಿಟ್ಟ.

"ಮಾಬೂಸಾಬನ ಎದ್ಯಾಗ ಒಡದದ್ದೂ ಇಂಥಾದ ಇರಬೇಕು."

"ಇದು ಒಡಿತೈತೇನ?"

"ನಾಳೆ ಒಡದೀತು, ಹತ್ತು ವರ್ಷ ಒಡೀಲಿಕ್ಕೂ ಇಲ್ಲ. ನಾ ಸುಳ್ಳ ಹೇಳೂದಿಲ್ಲಣ್ಣಾ, ಮುಂದಿಂದು ನನಗೂ ಕಾಣೂದಿಲ್ಲ. ಆದ್ರ ಇವತ್ತು ಇಬ್ಬರದಾಗ ಒಬ್ಬರ ಬಸ್ ಹತ್ತು ಅಂದ್ರ ನಾ ಕಲ್ಲಪ್ಪನ ಬಸ್ ಹತ್ತತೀನಿ. ನೀ ಈಗಿಂದ ಗುಳಿಗಿ ತಗೋ, ನಾಳೇನ ನನ್ನ ಜೋಡಿ ದೊಡ್ಡ ದವಾಖಾನಿಗೆ ಬಾ. ಸ್ಟೇರಿಂಗ್ ಮುಟ್ಟಬ್ಯಾಡ."

ಗದಿಗೆಪ್ಪ ಚಿತ್ರ ನೋಡುತ್ತಲೇ ಇದ್ದ. ಆಮೇಲೆ ಅಂಗಿ ಹಾಕಿಕೊಂಡ, ಗುಂಡಿ ಒಂದೊಂದಾಗಿ ಹಾಕಿದ, ಹಸಿರು ಬಿಲ್ಲೆ ನೆಟ್ಟಗೆ ಮಾಡಿಕೊಂಡ, ಹೊರಟುಹೋದ. ಭಾನುವಾರ ಇಡೀ ದಿನ ಅವನ ಫೋನು ಬಂದ್.

ಸೋಮವಾರ ಬೆಳಿಗ್ಗೆ ಪಾರವ್ವನ ಫೋನು. "ದಾಕ್ಷೀ, ಇಸ್ತ್ರಿ ಅಂಗಿ ಹಾಕ್ಕೊಂಡು ಡ್ಯೂಟಿಗೆ ಹೋದ್ರವಾ. ನನ್ನ ಮಾತು ಕೇಳಲೇ ಇಲ್ಲ."

ದಾಕ್ಷಾಯಿಣಿ ಆಟೋದಿಂದ ಇಳಿದು ಓಡುವಾಗ ಕಾರವಾರದ ಬಸ್ಸು ಡಿಪೋದ ಅಂಗಳದಲ್ಲಿ ಗುರುಗುಟ್ಟುತ್ತಾ ನಿಂತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಜಾಗ ಸಿಗದೆಂದು ಜನ ಇಲ್ಲಿಗೇ ಬಂದು ಸೀಟು ಹಿಡಿದಿದ್ದರು. ಕಲ್ಲಪ್ಪ ಪೈಪು ಹಿಡಿದು ಮುಂದಿನ ಗಾಜು ತೊಳೆಯುತ್ತಿದ್ದ. ಒಳಗೆ ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು ಗದಿಗೆಪ್ಪ.

ಅವಳು ಹೋಗಿ ಬಸ್ಸಿನ ಮುಂದೆ ನಿಂತುಬಿಟ್ಟಳು.

"ಇಳಿ ಅಣ್ಣಾ!"

ಗದಿಗೆಪ್ಪ ಹಾರ್ನ್ ಹೊಡೆದ.

"ಹೊಡಿ, ಇನ್ನಷ್ಟು ಹೊಡಿ! ನನ್ನ ಮ್ಯಾಲ ಹಾಯಿಸಿಕೊಂಡು ಹೋಗು! ಹೆಂಗೂ ಕೊಲ್ಲಾಕ ಹೊಂಟೀಯಲ್ಲ, ಶುರು ನನ್ನಿಂದನ ಆಗ್ಲಿ!"

ಕಂಟ್ರೋಲರು ಸೀಟಿ ಊದುತ್ತಾ ಓಡಿಬಂದ. "ಏನ್ರೀ ಮೇಡಂ, ಗಾಡಿ ಲೇಟಾತು! ಹಸಿರು ಬಂದೈತಿ ಅವರಿಗೆ, ಯಾಕ ತಡೀತೀರಿ?"

ಒಳಗಿಂದ ಒಬ್ಬ ಮುದುಕಿ ಡ್ರೈವರನ ಬೆನ್ನ ಹಿಂದೆ ಬಗ್ಗಿ ಕೂಗಿದಳು. "ಲಗೂ ಬಿಡಪಾ ನನ ಮಗನ, ಯಲ್ಲಾಪುರದಾಗ ಮೊಮ್ಮಗಳ ತೊಟ್ಟಲಾ ಐತಿ. ಎಲ್ಲಾರೂ ಇದರಾಗ ಬಂದೀವಿ, ಹೆಸರಿಡೋ ಅತ್ತಿನೂ ಇದರಾಗ ಕುಂತಾಳ, ನಾವಿಲ್ಲದ ಹೆಂಗ ಹೆಸರಿಡ್ತಾರ?"

ಗದಿಗೆಪ್ಪ ಕನ್ನಡಿಯಲ್ಲಿ ಹಿಂದೆ ನೋಡಿದ. ಹಸಿರು ಸೀರೆಯ ಅತ್ತೆ, ಮಡಿಲಲ್ಲಿ ಗುಗ್ಗರಿಯ ಬುಟ್ಟಿ. ಕಿಟಕಿಗೆ ತಲೆಯಾನಿಸಿ ಆಗಲೇ ನಿದ್ದೆ ಹೋದವರು. ಬಾಗಿಲ ಹತ್ತಿರ ಟಿಕೆಟ್ಟಿಗೆ ಚಿಲ್ಲರೆ ಹುಡುಕುತ್ತಿದ್ದವರು. ಎಂಜಿನ್ ಆರಿತು.

ಕೆಳಗಿಳಿದವನ ಮುಖ ಬೂದಿಯಾಗಿತ್ತು. ತಂಗಿಯ ಕಡೆ ನೋಡಲಿಲ್ಲ. ನೆಟ್ಟಗೆ ಕಲ್ಲಪ್ಪನ ಹತ್ತಿರ ಹೋಗಿ ಅವನ ಕೈಯ ಪೈಪು ಕಸಿದು ಎಸೆದ. ಒದ್ದೆ ಅಂಗೈಯಲ್ಲಿ ಬಸ್ಸಿನ ಕೀಲಿ ಇಟ್ಟ.

"ಹತ್ತು."

"ಏ ಏ ಏ!" ಕಂಟ್ರೋಲರನ ಸೀಟಿ ಬಾಯಿಂದ ಜಾರಿತು. "ತಲಿ ಕೆಟ್ಟೈತೇನ ಗದಿಗೆಪ್ಪ? ಅವ ಕೆಂಪು!"

"ಅದಕ್ಕ ಕೊಡಾಕತ್ತೀನಿ."

ಅಂಗಳದಲ್ಲಿ ಹೊರಡಲು ಸಜ್ಜಾಗಿದ್ದ ಬಸ್ಸುಗಳ ಡ್ರೈವರುಗಳೆಲ್ಲ ಇತ್ತ ನೋಡುತ್ತಿದ್ದರು. ಗದಿಗೆಪ್ಪ ಅವರ ಕಡೆ ತಿರುಗಿದ. ಘಟ್ಟದಲ್ಲಿ ಎದುರು ಲಾರಿಗೆ ಕೇಳುವ ಹಾಗೆ ಕೂಗುವ ಗಂಟಲು ಅದು.

"ಉಪವಾಸ ಮಾಡಿದಾವ್ರು ಎಲ್ಲಾರೂ ಕೇಳ್ರಲೇ! ನನ್ನ ಎದ್ಯಾಗ ಏನೈತಿ ಅಂತ ನಾ ಕಣ್ಣಾರೆ ನೋಡಿ ಬಂದೀನಿ. ಈ ಬಿಲ್ಲಿ ಸುಳ್ಳೈತಿ! ನಮ್ಮನ್ನ ಸಾಯಿಸಾಕ ಹಚ್ಯಾರ, ನಾವು ಹೋಳಿಗಿ ತಿಂದ್ವಿ! ಮಾಬೂಸಾಬ ನಳದ ಹತ್ತರ ಬಿದ್ದ, ಪುಣ್ಯಾತ್ಮ. ಸ್ಟೇರಿಂಗ್ ಮ್ಯಾಲ ಬಿದ್ದಿದ್ರ? ಹಿಂದ ಕುಂತಾವ್ರು ಯಾರ ಮಕ್ಕಳು?"

ಹಸಿರು ಬಿಲ್ಲೆ ಕಿತ್ತು ಕಂಟ್ರೋಲರನ ಜೇಬಿಗೆ ತುರುಕಿದ.

ಅಂಕೋಲಾ ಬಸ್ಸಿನವನು ಮೊದಲು ಎಂಜಿನ್ ಆರಿಸಿ ಕೆಳಗಿಳಿದ. ಆಮೇಲೆ ಕುಮಟಾ ಬಸ್ಸಿನವನು. ಜಿಯಾರತ್ತಿನಲ್ಲಿ ಬಾಯಿ ಬಿಟ್ಟಿದ್ದ ಮುದಿ ಡ್ರೈವರು ಇಳಿಯಲೋ ಬೇಡವೋ ಎಂದು ಮೆಟ್ಟಿಲ ಮೇಲೇ ತಡವರಿಸಿದ. "ಇಳದ್ರ ಕೆಲಸಾ ಹೊಕ್ಕೈತಲ್ಲೋ ಗದಿಗ್ಯಾ," ಎಂದ.

"ಹೊಕ್ಕೈತಿ," ಎಂದ ಗದಿಗೆಪ್ಪ. "ಇಳಿ ಕಾಕಾ."

ಕಾಕಾ ಇಳಿದ.

ಕಲ್ಲಪ್ಪ ಒದ್ದೆ ಕೈ ಅಂಗಿಗೆ ಒರೆಸಿಕೊಂಡು, ಕೆಂಪು ಬಿಲ್ಲೆಯನ್ನು ಹಾಗೇ ಇಟ್ಟುಕೊಂಡು ಸೀಟು ಹತ್ತಿದ. "ಇವನಾರೋ ತೊಳಿಯಾವ ಬಂದ!" ಎಂದು ಮುದುಕಿ ಗದ್ದಲ ಎಬ್ಬಿಸಿದಳು. ಬಸ್ಸು ಗೇಟು ದಾಟಿತು. ತಡೆಯಲು ಓಡಿದ ಕಂಟ್ರೋಲರನ್ನು ಇಳಿದ ಡ್ರೈವರುಗಳೆಲ್ಲ ಸುತ್ತುಗಟ್ಟಿದರು. ಯಾರೂ ಅವನನ್ನು ಮುಟ್ಟಲಿಲ್ಲ, ಯಾರೂ ದಾರಿಯನ್ನೂ ಬಿಡಲಿಲ್ಲ. ಅವನು ಅಲ್ಲಿಂದಲೇ ಯಾರಿಗೋ ಫೋನು ಹಚ್ಚಿ ಕೂಗಾಡಿದ.

ದಾಕ್ಷಾಯಿಣಿ ಅಣ್ಣನನ್ನು ಕಟ್ಟೆಯ ಮೇಲೆ ಕೂರಿಸಿ ನಾಡಿ ಹಿಡಿದಳು. ಜೋರಾಗಿತ್ತು, ಆದರೆ ಸಮವಾಗಿತ್ತು. "ದವಾಖಾನಿಗೆ ಬರ್ತೀನಿ, ಬೈಬ್ಯಾಡ," ಎಂದ ಅವನು ಮೆಲ್ಲಗೆ.

ಅವಳ ಫೋನು ಬಡಿದುಕೊಳ್ಳತೊಡಗಿತು. ಕಟಗೇರಿಯವರು.

"ಏನ್ರೀ ಇದು? ಡಿಪೋ ಬಂದ್ ಮಾಡಿಸಿದ್ದೀರಂತೆ! ಹಸಿರು ಬಂದ ಡ್ರೈವರುಗಳನ್ನ ಇಳಿಸೋಕೆ ನೀವ್ಯಾರು? ಯಂತ್ರ ಹೇಳಿದೆ, ಅವರು ಸುರಕ್ಷಿತ. ಮೊದಲು ಅವರನ್ನ ಬಸ್ ಹತ್ತಿಸಿ!"

"ಆತು ಸರ್, ಹತ್ತಸ್ತೀನಿ," ಎಂದಳು ದಾಕ್ಷಾಯಿಣಿ. ಸಿಟ್ಟಿಗೆ ಅವಳ ದನಿ ಈಗ ತಣ್ಣಗಾಗಿತ್ತು. "ಮಗ್ಗಲಿಗೆ ನಿಮ್ಮ ಮನಿಯವರದಾರೇನು? ಕರಕೊಂಡು ಬರ್ರಿ. ಮಕ್ಕಳನ್ನೂ ಕರ್ರಿ. ಹಸಿರು ಡ್ರೈವರು, ಮುಂದಿನ ಸೀಟು, ಕಿಟಕಿ ಮಗ್ಗಲಾ. ಘಟ್ಟ ಇಳದು ಸಮುದ್ರ ನೋಡಿ ಬರೂಣು. ನಾ ನಿಮ್ಮ ಸಲುವಾಗಿ ಬಸ್ ನಿಂದರಸ್ತೀನಿ. ಬರ್ತೀರಲ್ಲ?"

ಆ ಕಡೆ ಕುರ್ಚಿ ಸರಿದ ಸಪ್ಪಳ ಕೇಳಿತು.

"ಬರ್ತೀರೇನ್ರಿ ಸರ್?"

ಫೋನು ಕಟ್ಟಾಯಿತು. ಅಂಗಳದ ಆ ತುದಿಯಲ್ಲಿ ಇನ್ನೊಂದು ಎಂಜಿನ್ ಆರಿತು.